ಷರಾ

ಮೊದಲು ನಂಬರು ನೋಡಬೇಕು.
ಮರ ಆಮೇಲೆ, ನಳಿಗೆ ಆಮೇಲೆ, ಕಥೆ ಎಲ್ಲಕ್ಕಿಂತ ಕೊನೆಗೆ.
ಅಬ್ಬಾ ಕಲಿಸಿದ್ದು ಹಾಗೆ, ಅಶೋಕ ರಸ್ತೆಯ ಇದೇ ಅಂಗಡಿಯಲ್ಲಿ.
ಬೋರ್ಡಿನ ಮೇಲೆ ಇನ್ನೂ ಮೊಹಿದೀನ್ ಅಂಡ್ ಸನ್ಸ್;
ಆ ಸನ್ಸ್‌ನಲ್ಲಿ ಉಳಿದವನು ನಾನೊಬ್ಬ.

ದೇವಾಜಮ್ಮಣ್ಣಿಯವರು ಆಟೋದಲ್ಲಿ ತಂದರು,
ಹಳೇ ಜಮಖಾನದಲ್ಲಿ ಸುತ್ತಿ, ಲೈಸೆನ್ಸು ಪ್ಲಾಸ್ಟಿಕ್ ಕವರಿನಲ್ಲಿ.
ಆಟೋದವನು ತಂಬೂರಿ ಅಂದುಕೊಂಡನಂತೆ,
ಹಂಪ್ ಬಂದಲ್ಲೆಲ್ಲ ಮೆಲ್ಲಗೆ ಹತ್ತಿಸಿದನಂತೆ.

ಬಿಚ್ಚಿದೆ.
ದುರ್ಬೀನು ಬೇರೆ, ತೊಗಲಿನ ಟೊಪ್ಪಿಗೆಯೊಳಗೆ.
ಹಿಡಿಯ ಮೇಲೆ ಕೆನ್ನೆಗೆಂದೇ ಕೂರಿಸಿದ ಮರದ ತುಂಡು,
ಒಂದೇ ಮಗ್ಗುಲು ಸವೆದು ಎಳೆಗೂಸಿನ ಅಂಗಾಲಿನಂತಾಗಿದೆ.
ಯಾರೂ ಪಾಲಿಶ್ ಹೊಡೆಸಿಲ್ಲ, ಪುಣ್ಯ.
ಆದರೆ ನಂಬರಿನ ಕುಳಿಗಳಲ್ಲಿ ಏನೋ ಕೆಂಪು.

ತುಕ್ಕೇ? ಎದೆ ಧಸಕ್ಕೆಂದಿತು.
ಸೂಜಿಮೊನೆಯಲ್ಲಿ ಕೆದಕಿದೆ. ಕುಂಕುಮ.
ಎಪ್ಪತ್ತು ಆಯುಧಪೂಜೆಯ ಕುಂಕುಮ,
ಎಣ್ಣೆ ಕುಡಿದು ಇಟ್ಟಿಗೆಯಾಗಿ ಕೂತಿದೆ.
ಎರಡು ಅಂಕಿ ಎದ್ದವು, ಮೂರನೆಯದು ಒಂದೋ ಏಳೋ
ತಿಳಿಯಲು ಟಾರ್ಚು ಬೇಕಾಯಿತು.
ಏಳು. ದುರ್ಬೀನಿನ ಮೇಲೂ ಅದೇ ಏಳು.
ಜೋಡಿ ಕೂಡಿದರೆ ಬೆಲೆ ಏರುತ್ತದೆ;
ಕೂಡದಿದ್ದರೆ ಎರಡು ಹಳೇ ಸಾಮಾನು, ಅಷ್ಟೆ.

ಬರ್ಮಾದಲ್ಲಿ ಅಪ್ಪಾಜಿ ಕೈಲಿದ್ದದ್ದು ಇದೇ, ಅಂದರು.
ಯುದ್ಧ ಮುಗಿದು ಎಷ್ಟೋ ವರ್ಷಕ್ಕೆ ಹರಾಜಿನಲ್ಲಿ ಸಿಕ್ಕಿತಂತೆ.
ಇದೇ ಅಂತ ಹೇಗೆ ಗೊತ್ತಾಯಿತಮ್ಮಾ?
"ನಾನೂ ಕೇಳಿದ್ದೆ. ಕೆನ್ನೆಗೆ ಗೊತ್ತಾಗುತ್ತೆ ಅಂದರು."
ಆಮೇಲೆ ಇದು ಮಾಡಿದ ದಂಡಯಾತ್ರೆ ಒಂದೇ,
ಎಲೆಕ್ಷನ್ ಬಂದಾಗಲೆಲ್ಲ ಲಷ್ಕರ್ ಠಾಣೆಗೆ ಹೋಗಿ
ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಮನೆಗೆ ಮರಳಿದ್ದು.
ಆ ದಾರಗಳು ಬಿಚ್ಚದೆ ಹಾಗೇ ಇವೆ, ಐದೋ ಆರೋ.

ಗಾಜಿಗೆ ಬೂಷ್ಟು ಹಿಡಿದಿದೆಯೇ ನೋಡಲು
ದುರ್ಬೀನನ್ನಷ್ಟೇ ಎತ್ತಿ ಕಣ್ಣಿಗಿಟ್ಟೆ.
ಎದುರಿನ ಟೈಲರ್ ಗುರುಮಲ್ಲು ರಸ್ತೆ ದಾಟದೆಯೇ
ಮಿಷನ್ ಸಮೇತ ನನ್ನ ಬಳಿ ಬಂದು ಕೂತ.
ಸೂಜಿಗೆ ದಾರ ಪೋಣಿಸುತ್ತಿದ್ದ,
ತುದಿಯನ್ನು ನಾಲಿಗೆಗೆ ಮುಟ್ಟಿಸಿದ, ತಪ್ಪಿತು, ಮತ್ತೆ ಮುಟ್ಟಿಸಿದ.
ಒಳಗಿನ ಕಪ್ಪು ಮೊಳೆ ಅವನ ಅಂಗಿಯ ಎರಡನೇ ಗುಂಡಿಯ ಮೇಲಿತ್ತು.
ಬಂದೂಕು ಮೇಜಿನ ಮೇಲೇ ಮಲಗಿತ್ತು, ಖಾಲಿ,
ನಾನೇ ಎರಡು ಸಲ ನೋಡಿದ್ದೆ.
ಆದರೂ ಕಾದ ಕಾವಲಿ ಮುಟ್ಟಿದವನ ಹಾಗೆ ಗೋಡೆಗೆ ತಿರುಗಿದೆ.
ಅಲ್ಲಿ ಹಲ್ಲಿ.

ಕೊಳ್ಳುವವರು ಹೈದರಾಬಾದಿನವರು, ಫೋನಿನಲ್ಲಿ ಬಲು ಮರ್ಯಾದೆ.
ನಂಬರು ಕೂಡುತ್ತದಾ? ಕೂಡುತ್ತದೆ ಸಾರ್.
ಇದರ ಮರದ ಪೆಟ್ಟಿಗೆ ಇದೆಯಾ? ಕೇಳುತ್ತೇನೆ.
ಎಷ್ಟು ಜನ?
ಒಂದು ಕಾಗದ ಬರೆಸಿ, ಮಗಳ ಸಹಿ ಇರಲಿ,
ಅದಕ್ಕೆ ಬೇರೆ ಐವತ್ತು ಸಾವಿರ.

ಹೇಗೆ ಕೇಳುವುದು? ಕೇಳಿದೆ.
"ಹೇಳಿದ್ದು ಒಬ್ಬನ ವಿಷಯ. ಹೊಳೆಯಾಚೆ ಇದ್ದನಂತೆ,
ಬೆಳಗಿನಿಂದ ಸಂಜೆ ತನಕ ಗಾಜಿನೊಳಗೆ ಅವನೇ.
ಅಂಗಿ ಬಿಚ್ಚಿ ಹೊಲಿಗೆ ಸಂದಿಯಲ್ಲಿ ಹೇನು ಹುಡುಕೋನಂತೆ.
ಸಿಕ್ಕಾಗಲೆಲ್ಲ ನಗೋನಂತೆ."
ಆಮೇಲೆ?
"ಆಮೇಲೆ ಅಪ್ಪಾಜಿ, ಬಡಿಸಮ್ಮ ಹಸಿವಾಗಿದೆ, ಅನ್ನೋರು."

ನನ್ನ ಬಿಲ್ ಪುಸ್ತಕದ ಹಾಳೆಯಲ್ಲೇ ಅಷ್ಟನ್ನೂ ಬರೆದರು,
ಹೇನು, ನಗು, ಬಡಿಸು.
ಸಹಿ ಹಾಕುವ ಮುಂಚೆ ತಲೆಯೆತ್ತಿ,
"ಇಷ್ಟಕ್ಕೆ ಕೊಡ್ತಾರಾ?"
ಇಲ್ಲಮ್ಮ.
ಮಡಚಿ ಪರ್ಸಿನಲ್ಲಿಟ್ಟುಕೊಂಡರು.

ಪೆಟ್ಟಿಗೆಯೋ, ಇದೆಯಂತೆ, ಮೇಲೆ ಬಾಣದ ಗುರುತೂ ಇದೆಯಂತೆ.
"ಅದರಲ್ಲಿ ಪಟ್ಟದ ಗೊಂಬೆ ಮಲಗಿಸಿರ್ತೀವಿ.
ರಾಜಾರಾಣಿ ಎಲ್ಲಿಗೆ ಹೋಗಬೇಕು?"
ಹೈದರಾಬಾದು ನಿಟ್ಟುಸಿರಿಟ್ಟು ಇನ್ನಷ್ಟು ಇಳಿಸಿತು.
ಅಮ್ಮಣ್ಣಿ ಹೂಂ ಅಂದರು. ಚೌಕಾಸಿ ನಾನು ಮಾಡಿದೆ, ಸುಮ್ಮನಿರಲಾರದೆ.

ರಿಜಿಸ್ಟರಿನ ಕಾಲಂಗಳು ತುಂಬಿದವು:
ನಂಬರು, ತಯಾರಿ, ಮಾರುವವರು, ಕೊಳ್ಳುವವರು.
ಕೊನೆಯ ಕಾಲಂ ಷರಾ.
ಅಂಕಿಗಳಲ್ಲಿ ಕುಂಕುಮ ಇದೆ, ಮೂರರಲ್ಲಿ ಮಾತ್ರ ತೆಗೆದಿದೆ, ಎಂದು ಬರೆದೆ.
ಉಳಿದದ್ದು ಹಾಗೇ ಇರಲಿ ಎಂದೂ ಬರೆದು
ಅದಷ್ಟನ್ನು ಹೊಡೆದುಹಾಕಿದೆ.
ಷರಾದಲ್ಲಿ ಅಂಥ ಮಾತು ನಡೆಯುವುದಿಲ್ಲ.

ಮಗ್ರಿಬ್‌ಗೆ ಕೈ ತೊಳೆಯುವಾಗ
ಉಗುರಿನ ಸಂದಿಯಿಂದ ನೀರು ತುಸು ಹೊತ್ತು ಕೆಂಪಗೆ ಹರಿಯಿತು.