ಹಾಲಿನ ಪಾಕೀಟಿನ ಮೂಲೆ

ಭಾಂಡೂಪಿನ ಈ ಚಾಳಿಗೆ ನೀರು ಬರುವುದು
ನಾಲ್ಕೂ ಮುಕ್ಕಾಲಿಗೆ, ಬರೀ ಅರ್ಧ ಗಂಟೆ.
ನಲ್ಲಿ ಕೆಮ್ಮುವ ಮೊದಲೇ ವಾರಿಜಕ್ಕ ಎದ್ದಿರುತ್ತಾಳೆ.

ಅಕ್ಕಿ ತೊಳೆದ ನೀರು ಡಬ್ಬದ ಬಸಳೆಗೆ.
ಬಟ್ಟೆ ಜಾಲಿಸಿದ್ದು ಸಂಡಾಸಿಗೆ;
ಹೋಗುವ ಮುನ್ನ ಅದು
ನೆಲವನ್ನೂ ಒರೆಸಿ ಹೋಗಬೇಕು.

ಮದುವೆಯಾಗಿ ಬಂದ ವಾರ
ಹಾಲಿನ ಪಾಕೀಟಿನ ಮೂಲೆ ಕತ್ತರಿಸಿ ಎಸೆದೆ.
ಮೋರಿಯ ಜಾಲರಿಗೆ ಬೆರಳಿಟ್ಟು
ಉಗುರಿನಷ್ಟು ನೀಲಿ ಚೂರು ಹೆಕ್ಕಿ ತಂದಳು:
"ಪೂರ್ತಿ ಕತ್ತರಿಸಬೇಡ ಮಾರಾಯ್ತಿ,
ಮಗು ಸೆರಗು ಹಿಡಿದ ಹಾಗೆ ಅಂಟಿಕೊಂಡಿರಲಿ."

ತೊಳೆದ ಪಾಕೀಟುಗಳು ಕಿಟಕಿಯ ಸರಳಿಗೆ,
ತಿಂಗಳಿಗೊಮ್ಮೆ ಭಂಗಾರವಾಲಾನ ತಕ್ಕಡಿಗೆ.
ಈ ಊರಲ್ಲಿ ಗುಜರಿಯ ಹೆಸರೇ ಭಂಗಾರ.
ನನಗೆ ಮೊದಲು ಕೇಳಿಸಿದ್ದು
ಬಂಗಾರ.

ಈ ಜುಲೈಯಲ್ಲಿ ಗಟಾರ ಕಟ್ಟಿ
ಎದುರು ಸಾಲಿನವರ ಮಂಚದ ಕಾಲು ಮುಳುಗಿತು.
ಬಗೆದು ರಾಶಿ ಹಾಕಿದ ಕೆಸರಿನಲ್ಲಿ
ಬಿಸಿಲು ಬಿದ್ದಾಗ ಮಿನುಗಿದವು
ನೂರಾರು ಮೂಲೆಗಳು,
ಸೆರಗು ತಪ್ಪಿದ ನೀಲಿ ಚೂರುಗಳು.

ವಾರಿಜಕ್ಕ ಏನೂ ಅನ್ನಲಿಲ್ಲ.
ಹಳೇ ಮೊರ ತಂದು ಕೂತಳು,
ಅಕ್ಕಿಯ ಕಲ್ಲು ಆರಿಸುವವಳಂತೆ.
ನಾನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.
ನನ್ನವೂ ಒಂದೆರಡು ಇದ್ದಾವು.