ಊರು ಕೇಳಿ ಏಳುವ ಹಲಗೆ

ದುರ್ಗಿಗುಡಿಯ ಕನ್ನಡಕದಂಗಡಿ, ಅದರ ಮೇಲಿನ ಕೋಣೆ.
ಎರಡು ಕುರ್ಚಿ, ಒಂದು ಫ್ಯಾನು, ನಾನು ಮತ್ತು ಫೆಲ್ಸಿ.
ಬಸ್‌ಸ್ಟ್ಯಾಂಡಿನ ಹಲಗೆಯ ಮೇಲೆ ಅಕ್ಷರ ಓಡಿಸುವುದು ಕಸುಬು:
ಯಾವ ಬಸ್ಸು, ಎಷ್ಟು ಹೊತ್ತಿಗೆ, ಯಾವ ಅಂಕಣಕ್ಕೆ.

ಮೊದಮೊದಲು ಎಲ್ಲವನ್ನೂ ಕೋಡಿನ ಹೊಟ್ಟೆಯೊಳಗೇ ಬರೆದಿದ್ದೆವು.
ಊರಿನ ಹೆಸರು, ಸರ್ವರಿನ ವಿಳಾಸ,
ಪಾಸ್‌ವರ್ಡು ಕೂಡ:
ಫೆಲ್ಸಿ ಸಾಕಿದ ಬೆಕ್ಕಿನ ಹೆಸರು, ಮುಂದೆ ಒಂದು ಎರಡು ಮೂರು.
ಸಾಗರಕ್ಕೊಂದು ಪ್ರತಿ, ಹೊಸನಗರಕ್ಕೊಂದು,
ತೀರ್ಥಹಳ್ಳಿಗೆ, ಇಲ್ಲಿಗೆ.
ಒಂದು ಕೊಂಬು ತಪ್ಪಿದರೆ ನಾಲ್ಕು ಕಡೆ ತಿದ್ದಬೇಕು.
ಮೂರು ಕಡೆ ತಿದ್ದಿ ಊಟಕ್ಕೆ ಹೋಗುತ್ತಿದ್ದೆವು.

ಕಾಲೇಜು ಹುಡುಗನೊಬ್ಬನಿಗೆ ಕೋಡು ಕಳಿಸಿದೆವು, ನೋಡಿ ಕಲಿಯಲಿ ಎಂದು.
ಸಂಜೆ ಫೋನು:
"ಮೇಡಂ, ನಿಮ್ಮ ಬೆಕ್ಕಿನ ಹೆಸರು ಪುಟ್ಟೀನಾ?"

ಅವತ್ತೇ ರಾತ್ರಿ ಎಲ್ಲ ಕಿತ್ತು ಹೊರಗಿಟ್ಟೆವು.
ಎನ್ವಿರಾನ್ಮೆಂಟು ಎನ್ನುತ್ತದೆ ಪುಸ್ತಕ,
ಫೆಲ್ಸಿ ಗಾಳಿ ಎನ್ನುತ್ತಾಳೆ.
ಈಗ ಕೋಡು ಬರಿಗೈಯಲ್ಲಿ ಏಳುತ್ತದೆ,
ಕಣ್ಣುಜ್ಜಿಕೊಂಡು ಸುತ್ತಲ ಗಾಳಿಯನ್ನು ಕೇಳುತ್ತದೆ:
ಇದು ಯಾವೂರು?
ಯಾರ ಹತ್ತಿರ ಮಾತಾಡಲಿ?
ಬಾಗಿಲಲ್ಲಿ ಏನೆಂದರೆ ಒಳಗೆ ಬಿಡುತ್ತಾರೆ?
ಅದೇ ಇನ್ನೂರ ಹನ್ನೊಂದು ಸಾಲು, ಒಂದಕ್ಷರ ಬದಲಿಲ್ಲ,
ಸಾಗರದಲ್ಲಿ ಜೋಗದ ಬಸ್ಸು ಕೂಗುತ್ತದೆ
ತೀರ್ಥಹಳ್ಳಿಯಲ್ಲಿ ಆಗುಂಬೆಯದು.

ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ?
ಪಾಪ ಅಂತ ನಾನೇ ಒಂದು ಸಾಲು ಸೇರಿಸಿದ್ದೆ:
ಯಾರೂ ಹೇಳದಿದ್ದರೆ ಶಿವಮೊಗ್ಗ ಅಂದುಕೋ.

ಒಂದು ಬೆಳಗ್ಗೆ ತೀರ್ಥಹಳ್ಳಿಯಲ್ಲಿ ಕರೆಂಟು ಹೋಗಿ ಬಂತು.
ಹಲಗೆ ಎದ್ದಿತು, ಕೇಳಿತು. ಗಾಳಿ ಮಾತಾಡಲಿಲ್ಲ.
ಮೂರು ಗಂಟೆ ಹೊತ್ತು ತೀರ್ಥಹಳ್ಳಿ
ದೊಡ್ಡ ಕೆಂಪಕ್ಷರದಲ್ಲಿ ಶಿವಮೊಗ್ಗವಾಗಿತ್ತು.
ಕೊಪ್ಪದಿಂದ ನಿದ್ದೆ ಹೊಡೆಯುತ್ತ ಬಂದ ಬ್ಯಾಂಡ್‌ಸೆಟ್ಟಿನವರು
ಹಲಗೆ ನೋಡಿ ಡೋಲು ಸಮೇತ ಇಳಿದುಬಿಟ್ಟರು.
ಇಲ್ಲಿ ವಿನೋಬನಗರದಲ್ಲಿ ಮದುಮಗ
ಓಲಗವಿಲ್ಲದೆ ಕಾರು ಹತ್ತಿದ.
ಕಂಟ್ರೋಲರ್ ಷಣ್ಮುಖಪ್ಪನವರು ಫೋನಿನಲ್ಲಿ ಬೈಯಲಿಲ್ಲ,
ಇಷ್ಟೇ ಕೇಳಿದರು:
"ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಕ್ಕೇನಮ್ಮ ರೋಗ ಅದಕ್ಕೆ?"

ರೋಗ ಅದರದ್ದಲ್ಲ.
ನಾನು ಹುಟ್ಟಿದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ,
ಒಳಗೆ ತಮಿಳು, ಪಕ್ಕದ ಮನೆಯಲ್ಲಿ ತೆಲುಗು,
ಜಗಳಕ್ಕೆ ಕನ್ನಡ.
ಬಸ್ಸಿನಲ್ಲಿ ಯಾರಾದರೂ ಯಾವ ಕಡೆಯವರು ಅಂದರೆ
ಅಷ್ಟೆಲ್ಲ ಯಾರು ಹೇಳುತ್ತಾರೆ,
ಶಿವಮೊಗ್ಗ ಅಂದುಬಿಡುತ್ತಿದ್ದೆ.

ಆ ಸಾಲು ಅಳಿಸಿದೆ.
ಈಗ ಊರು ಹೇಳದಿದ್ದರೆ ಹಲಗೆ ಏಳುವುದೇ ಇಲ್ಲ,
ಇಂಥದ್ದು ಸಿಗಲಿಲ್ಲ ಎಂದು ಚೀರಿ ಮಲಗುತ್ತದೆ.

ಇನ್ನೊಂದು ಪಾಠ ಹೊಸನಗರದ್ದು.
ಪಕ್ಕದಲ್ಲೇ ಶಾಲೆ, ಎಸ್ಸೆಸ್ಸೆಲ್ಸಿ ಪರೀಕ್ಷೆ, ಹಲಗೆ ಬಾಯಿ ಮುಚ್ಚಬೇಕು.
ಧ್ವನಿ ಎಂಬುದರ ಮುಂದೆ ಫೆಲ್ಸಿ 'ಇಲ್ಲ' ಎಂದು ಬರೆದಳು.
ಗಣಿತದ ದಿನ ಅದು ಗಂಟಲು ಹರಿಯುವಂತೆ ಕೂಗಿತು.
ಹೊರಗಿಂದ ಬರುವುದೆಲ್ಲ ಬರೀ ಅಕ್ಷರ;
ಕೋಡು ನೋಡಿದ್ದು ಏನಾದರೂ ಬರೆದಿದೆಯೇ ಎಂದಷ್ಟೆ.
ಬರೆದಿತ್ತು, ಇಲ್ಲ ಎಂದು.
ಬಾಗಿಲು ಬಡಿದರೆ ಒಳಗಿಂದ ಮಗು
"ಮನೇಲಿ ಯಾರೂ ಇಲ್ಲ" ಅಂದ ಹಾಗೆ.

ಈಗ ಗೋಡೆ ಮೇಲೊಂದು ಹಾಳೆ ಅಂಟಿಸಿದ್ದೇವೆ.
ಎಡಕ್ಕೆ ಕೇಳಬೇಕಾದ ಹೆಸರುಗಳು, ಬಲಕ್ಕೆ ಏನೂ ಇಲ್ಲ.
ಯಾರು ಬಂದು ಓದಿದರೂ ಭಯವಿಲ್ಲ.

ಮೊನ್ನೆ ಆಯನೂರು ದಾಟುವಾಗ ಪಕ್ಕದ ಸೀಟಿನಾಕೆ
ಯಾವೂರಾಯ್ತಮ್ಮ ಅಂದರು.
ಕುಂಸಿ ಬರುವವರೆಗೂ ಹೇಳುತ್ತಲೇ ಇದ್ದೆ.

ಮಾನಿಟರಿನ ಮೇಲೆ ಮಲಗಿರುವ ಪುಟ್ಟಿ ಮಾತ್ರ
ಯಾರು ಕರೆದರೂ ಬರುತ್ತಾಳೆ.
ಒಂದು ಎರಡು ಮೂರು ಕೂಡ ಬೇಕಿಲ್ಲ.