ಬಾಡಿಗೆಯಿಲ್ಲದ ಬಿಸಿ

ಮಂಡಕ್ಕಿ ಭಟ್ಟಿಯ ಹಿಂಗೋಡೆಗೆ ಮೂತಿ ಒತ್ತಿ
ಹನ್ನೆರಡು ವರ್ಷ ನಿಲ್ಲಿಸಿದ್ದೇನೆ ನನ್ನ ಅಂಬಾಸಿಡರ್.
ಆರ್‌ಸಿ ಪುಸ್ತಕದಲ್ಲಿ ಇನ್ನೂ ಹಾಲಿನ ಬಣ್ಣ;
ದಾವಣಗೆರೆಯ ಬಿಸಿಲಲ್ಲಿ ತಳ ಸೀದ ಹಾಲು.
ಬಾನೆಟ್ಟಿನ ಮೇಲೆ ದಿನಾ ಬೆಳಗ್ಗೆ
ಭತ್ತದ ಹೊಟ್ಟಿನ ಬೂದಿ ಒಂದು ಪದರ,
ಅದರ ಮೇಲೆ ಬೆಕ್ಕಿನ ಹೆಜ್ಜೆ.

ನಾಲ್ಕು ಗಂಟೆಗೆ ಪೇಪರ್ ಬಂಡಲ್ ತುಂಬಿಕೊಂಡು
ಜಗಳೂರಿಗೆ ಹೊರಡಬೇಕು.
ಡೀಸೆಲ್ ಗಾಡಿ. ಎಳ್ಳಮಾಸೆ ಕಳೆದ ಚಳಿ.
ಕೀಲಿ ಅರ್ಧ ತಿರುವಿದರೆ
ಹೀಟರಿನ ಕೆಂಪು ಚುಕ್ಕೆ ಹೊತ್ತಿಕೊಳ್ಳುತ್ತದೆ,
ಅದು ಆರುವ ತನಕ ಉಸಿರು ಹಿಡಿದು ಕೂರಬೇಕು.

"ಮಲಗಿದೋರ ಮಕಕ್ಕೆ ನೀರು ಸುರೀಬ್ಯಾಡ,
ಎದ್ದ ಕೂಡ್ಲೆ ಓಡು ಅನಬ್ಯಾಡ.
ಆಯಿಲು ಕಾಕಂಬಿ ಆಗಿರ್ತತಿ,
ಮೊಣಕಾಲು ಸಡ್ಲಾಗ್ಲಿ ತಡಿ"
ಎಂದು ಕಲಿಸಿದ್ದು ಜಾಲಿನಗರದ ಮೌಲಾ ಮೇಸ್ತ್ರಿ.
ಅವನಿಗೇ ಬೀಡಿ ಹಚ್ಚದೆ ಸ್ಟಾರ್ಟ್ ಆಗುತ್ತಿರಲಿಲ್ಲ.

ಉಳಿದ ಗಾಡಿಗಳವರು ಕೆಮ್ಮಿಸಿ, ಕುಂಟಿಸಿ, ನೂಕಿಸಿಕೊಂಡು ಬರುವಾಗ
ನನ್ನದು ಒಂದೇ ಏಟಿಗೆ.
ಸ್ಟ್ಯಾಂಡಿನಲ್ಲಿ ಹೇಳಿಕೊಂಡೆ: ಕೈಗುಣ.
ಗಾಡಿಗೂ ಒಡೆಯನ ಬೆರಳು ಗೊತ್ತಿರುತ್ತದೆ, ಇತ್ಯಾದಿ.
ನಂಬಿ ಚಹಾ ಕೊಡಿಸಿದವರೂ ಉಂಟು.

ಮೊನ್ನೆ
ಚುಕ್ಕೆ ಹೊತ್ತಿತು, ಆರಿತು.
ತಿರುವಿದೆ. ಗರ್ರ್ ಅಂದು ಸುಮ್ಮನಾಯಿತು.
ಮತ್ತೆ ಚುಕ್ಕೆ. ಮತ್ತೆ ಗರ್ರ್.
ನಾಲ್ಕನೇ ಸಲಕ್ಕೆ ಬ್ಯಾಟರಿಯೂ ಅಳುಮೋರೆ ಹಾಕಿತು.
ಬೈದೆ, ಗಾಡಿಯನ್ನು, ಪೆಟ್ರೋಲ್ ಬಂಕಿನವನನ್ನು,
ಸೀಮೆಎಣ್ಣೆ ಬೆರೆಸಿರಬಹುದಾದ ಅವನ ಇಡೀ ವಂಶವನ್ನು.
ಇಳಿದು, ಬಾನೆಟ್ ಎತ್ತಲೆಂದು ಗೋಡೆಗೆ ಕೈ ಊರಿದೆ.

ಗೋಡೆ ತಣ್ಣಗಿತ್ತು.

ಹನ್ನೆರಡು ವರ್ಷದಲ್ಲಿ ಮೊದಲ ಸಲ ಅದನ್ನು ಮುಟ್ಟಿದ್ದು.
ಆಮೇಲೆ ಒಂದೊಂದಾಗಿ ಕೇಳತೊಡಗಿತು
ಕೇಳದೆ ಇರುವುದೆಲ್ಲ:
ಕಾದ ಮರಳಿನಲ್ಲಿ ಅಕ್ಕಿ ಅರಳುವ ಚಟಪಟ ಇಲ್ಲ,
ಜರಡಿಯ ಸದ್ದಿಲ್ಲ,
ಹೊಗೆ ಕುಡಿದ ಹಾಜಿರಾಬಿಯ ಕೆಮ್ಮಿಲ್ಲ.
ಬಾನೆಟ್ಟಿನ ಮೇಲೆ ಬೂದಿಯೂ ಇರಲಿಲ್ಲ. ನಿನ್ನೆ? ನೋಡಿರಲಿಲ್ಲ.
ಬೆಕ್ಕು ಯಾವಾಗಲೋ ಜಾಗ ಬದಲಿಸಿತ್ತು.

ಸುತ್ತಿಕೊಂಡು ಮುಂಬಾಗಿಲಿಗೆ ಹೋದೆ.
ಮೆಟ್ಟಿಲ ಮೇಲೆ ಕೂತಿದ್ದಳು, ದುಪ್ಪಟಿ ಹೊದ್ದು,
ಎರಡೂ ಕೈ ಕಂಕುಳಲ್ಲಿ.
"ಮೂರು ದಿನ ಆತು ಭಟ್ಟಿ ಆರಿಸಿ.
ಎದಿ ಹಿಡ್ಕಂಡೈತಿ, ಡಾಕ್ಟ್ರು ಹೊಗಿ ಬ್ಯಾಡ ಅಂದಾರ.
ಹೊಗಿ ಬ್ಯಾಡಂದ್ರ ಸೈ, ಬಿಸಿನೂ ಹೋತಲ್ಲ!
ಮೂವತ್ತು ವರ್ಷ
ಚಳಿ ಅಂದ್ರ ಏನಂತ ಗೊತ್ತಿರ್ಲಿಲ್ಲ ನೋಡು ನನಗ."

ಮೂರು ದಿನ.
ಹಾಗಾದರೆ ಮೊದಲೆರಡು ಬೆಳಗು
ಗೋಡೆಯ ಇಟ್ಟಿಗೆ ತನ್ನಲ್ಲಿ ಉಳಿದದ್ದನ್ನೇ ಕೊಟ್ಟಿದೆ.
ಖಾಲಿ ಬಂದರೂ ಹೋಗಿಬರುವ ಕಿಲೋಮೀಟರ್
ಎರಡೂ ಕಡೆಯದು ಎಣಿಸುವ ಮನುಷ್ಯ ನಾನು.

"ನೂಕ್ತೀನಿ ತಡಿ" ಅಂತ ಎದ್ದಳು. ಕೂರು ಅಂದೆ.
ಹಾಲಿನ ಹುಡುಗರಿಬ್ಬರು ಸೈಕಲ್ ಒರಗಿಸಿ ನೂಕಿದರು.
ತಿರುವಿನವರೆಗೆ ಸತ್ತಂತೆ ಉರುಳಿದ ಗಾಡಿ
ಅಲ್ಲಿ ಹೌಹಾರಿ ಎದ್ದು,
ಬೀದಿ ತುಂಬ ಬಿಳಿ ಹೊಗೆ ಕಾರಿತು.
ಹೊಗೆ ತಿಳಿಯಾಗುವ ತನಕ ಅಲ್ಲೇ ಬಿಟ್ಟು,
ಆಮೇಲೆ ತಂದು ನಿಲ್ಲಿಸಿದೆ ಅವಳ ಬಾಗಿಲಿಗೆ:
ಸೈಲೆನ್ಸರ್ ಗಾಳಿಯ ಕಡೆ,
ಮೂತಿ ಅವಳ ಕಡೆ.
ಆಫ್ ಮಾಡಲಿಲ್ಲ.

ಎದ್ದು ಬಂದಳು. ಬಾನೆಟ್ಟಿನ ಮೇಲೆ
ಎರಡೂ ಅಂಗೈ ಇಟ್ಟಳು,
ಹೆಂಚು ನೋಡುವವಳ ಹಾಗೆ.
"ಇನ್ನಾ ಕಾದಿಲ್ಲ" ಅಂದಳು.

ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ
ಪೇಪರ್ ಹಂಚುವ ಹುಡುಗ
ಕಾದೇ ಇದ್ದ.